ಮೊಳೆಯದ ಬೀಜ: ಲೈಬ್ರರಿಯ ಸ್ಟೋರಿ ಟೈಮ್ ಮತ್ತು ಐದು ತೋಟದ ಕಥೆಗಳು



ಬೇವು ಸಿಗದೆ ನಾಲ್ಕು ಕಾಳು ಮೆಂತ್ಯಕ್ಕೆ ಬೆಲ್ಲ ಸೇರಿಸಿ ಯುಗಾದಿಯ ಶಾಸ್ತ್ರ ಮುಗಿಸುವ ಹೊತ್ತಿಗೆ ನಮ್ಮ ಈ ಅಮೆರಿಕದ ಊರಿನಲ್ಲಿ ಹಿಮ ಕರಗಿ ನೆಲ ಕಾಣಿಸತೊಡಗುತ್ತದೆ. ಅದೇ ವೇಳೆಗೆ ನಮ್ಮ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ತೋಟದ ಕಥೆಗಳ ಸರದಿ ಬರುತ್ತದೆ. ಶನಿವಾರ ಬೆಳಿಗ್ಗೆ ಮೂರರಿಂದ ಆರು ವರ್ಷದ ಮಕ್ಕಳು ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಲೈಬ್ರರಿಯ ಅಮ್ಮ ಮೂರು ಪುಸ್ತಕ ಓದುತ್ತಾರೆ, ಎರಡು ಹಾಡು ಹೇಳಿಸುತ್ತಾರೆ, ಕೊನೆಗೆ ಒಂದು ಕೈಕೆಲಸ. ಒಟ್ಟು ಮುಕ್ಕಾಲು ಗಂಟೆ. ಬಿಡಿಗಾಸಿನ ಖರ್ಚಿಲ್ಲ. ಸಂಘದ ಮೂರು ಮನೆಯವರಾದ ನಾವು ಕಳೆದ ಎರಡು ವಸಂತಗಳಿಂದ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇವೆ. "ಸುಮ್ಮನೆ ಹೋಗಿಬಂದರೆ ಆಯಿತೆ? ಕೇಳಿದ ಪುಸ್ತಕಗಳ ಬಗ್ಗೆ ನಮ್ಮ ಪತ್ರಿಕೆಗೆ ನಾಲ್ಕು ಮಾತು ಬರೆದುಕೊಡಿ" ಎಂದು ಸಂಪಾದಕರು ಹಿಡಿದ ಪಟ್ಟಿನ ಫಲವೇ ಈ ಲೇಖನ.

ಮಕ್ಕಳ ಪುಸ್ತಕಕ್ಕೆ ವಿಮರ್ಶೆ ಏಕೆ, ಚಿತ್ರ ಚೆನ್ನಾಗಿದ್ದರೆ ಸಾಲದೆ ಎಂದು ಕೆಲವರು ಕೇಳಬಹುದು. ಮೊದಲು ನಾವೂ ಹಾಗೆಯೇ ಅಂದುಕೊಂಡಿದ್ದೆವು. ಆ ಅಭಿಪ್ರಾಯವನ್ನು ಬದಲಾಯಿಸಿದ್ದು ಒಂದು ಕಾಗದದ ಲೋಟ.

ಆ ದಿನ ಓದಿದ ಮೊದಲ ಪುಸ್ತಕ ರೂತ್ ಕ್ರೌಸ್ ಅವರ 'ದಿ ಕ್ಯಾರೆಟ್ ಸೀಡ್'. 1945ರಲ್ಲಿ ಬಂದದ್ದು. ಚಿತ್ರಗಳು ಆಕೆಯ ಪತಿ ಕ್ರಾಕೆಟ್ ಜಾನ್ಸನ್ ಅವರವು. ಪುಟ್ಟ ಹುಡುಗನೊಬ್ಬ ಒಂದು ಕ್ಯಾರೆಟ್ ಬೀಜ ನೆಡುತ್ತಾನೆ. ಇದು ಹುಟ್ಟುವುದಿಲ್ಲವೇನೋ ಎಂದು ಅಮ್ಮನಿಗೆ ಅಳುಕು, ಅಪ್ಪನಿಗೂ ಅಳುಕು. ಅಣ್ಣನಂತೂ ಹುಟ್ಟುವುದೇ ಇಲ್ಲ ಎಂದುಬಿಡುತ್ತಾನೆ. ಹುಡುಗ ಯಾರಿಗೂ ಎದುರಾಡುವುದಿಲ್ಲ. ದಿನವೂ ಕಳೆ ಕೀಳುತ್ತಾನೆ, ನೀರು ಚಿಮುಕಿಸುತ್ತಾನೆ. ಕೊನೆಗೊಂದು ದಿನ ಕ್ಯಾರೆಟ್ ಬರುತ್ತದೆ, ಅದೂ ಕೈಗಾಡಿಯಲ್ಲಿ ಇಟ್ಟು ತಳ್ಳಬೇಕಾದಷ್ಟು ದೊಡ್ಡದು! ಇಡೀ ಕಥೆಗೆ ಬಳಸಿರುವುದು ನೂರ ಒಂದೇ ಪದ. ಮೂರು ವರ್ಷದ ಮಗುವಿಗೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ವಿಷಯ ಹೇಳಿದ ಪುಸ್ತಕ ನಾವು ಬೇರೆ ಕಂಡಿಲ್ಲ. ದೊಡ್ಡವರೆಲ್ಲ "ಆಗಲ್ಲ" ಎಂದದ್ದು ಸಣ್ಣವನ ಕೈಯಲ್ಲಿ ಆಗುವುದನ್ನು ನೋಡಿ ಕಂಬಳಿಯ ಮೇಲಿದ್ದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಕೊನೆಗೆ ಕೈಕೆಲಸ. ಪ್ರತಿ ಮಗುವಿಗೂ ಒಂದು ಕಾಗದದ ಲೋಟ, ಎರಡು ಚಮಚ ಮಣ್ಣು, ಒಂದೇ ಒಂದು ಬೀನ್ಸ್ ಬೀಜ. ಮಕ್ಕಳು ಲೋಟದ ಮೇಲೆ ಹೆಸರು ಬರೆದುಕೊಂಡು ಮನೆಗೆ ತಂದರು.

ನಮ್ಮ ಮೂರು ಮನೆಯ ನಾಲ್ಕು ಲೋಟಗಳಲ್ಲಿ ಮೂರು ಮೊಳೆತವು. ನಾಲ್ಕು ವರ್ಷದ ಒಬ್ಬ ಹುಡುಗನದು ಮೊಳೆಯಲಿಲ್ಲ. ಕಥೆಯ ಹುಡುಗ ಮಾಡಿದ್ದನ್ನೆಲ್ಲ ಇವನೂ ಮಾಡಿದ. ದಿನಕ್ಕೆ ನಾಲ್ಕು ಸಲ ನೀರು ಹಾಕಿದ. ಹತ್ತು ದಿನ ಕಾದ, ಹದಿನೈದು ದಿನ ಕಾದ. ಆಮೇಲೆ ಒಂದು ಸಂಜೆ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, "ನಾನು ಸರಿಯಾಗಿ ನಂಬಲಿಲ್ಲ, ಅದಕ್ಕೇ ಬರಲಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ಅತ್ತ. ಅವನ ಅಪ್ಪ ಅಮ್ಮನಿಗೆ ಏನು ಹೇಳಬೇಕೋ ತೋಚಲಿಲ್ಲ. ಅಂಗಡಿಯಿಂದ ಬೆಳೆದ ಗಿಡವೊಂದನ್ನು ತಂದು ರಾತ್ರಿ ಆ ಲೋಟದಲ್ಲಿ ಇಟ್ಟುಬಿಡೋಣವೆ ಎಂಬ ಯೋಚನೆಯೂ ಬಂತು ಎಂದು ಆಮೇಲೆ ಒಪ್ಪಿಕೊಂಡರು.

ಆ ಮನೆಗೆ ಆರು ತಿಂಗಳಿಗೆಂದು ಹಾಸನದ ಕಡೆಯ ಹಳ್ಳಿಯಿಂದ ಅಜ್ಜಿ ಬಂದಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಸ್ಟೋರಿ ಟೈಮಿಗೆ ಬಂದರೂ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಮೊಮ್ಮಗ ಅಳುವುದನ್ನು ನೋಡಿ ಅವರು ಲೋಟವನ್ನು ಹಳೆ ಪೇಪರಿನ ಮೇಲೆ ಬೋರಲು ಹಾಕಿದರು. ಬೀಜ ಲೋಳೆಲೋಳೆಯಾಗಿ ಕೊಳೆತಿತ್ತು. "ಅಳಬ್ಯಾಡ ಕಂದಾ, ನಿನ್ನ ತಪ್ಪೇನೂ ಇಲ್ಲ. ನೀರು ಜಾಸ್ತಿ ಆಗೈತೆ, ತಳಕ್ಕೆ ತೂತಿಲ್ಲ, ನೀರು ಇಳಿಯೋದೆಲ್ಲಿಗೆ? ಅದಕ್ಕೂ ಉಸಿರಾಡಬೇಕಲ್ಲಪ್ಪ. ಅಲ್ಲ, ಒಂದೇ ಬೀಜ ಯಾರು ಹಾಕ್ತಾರೆ? ನಾವು ಗುಣಿಗೆ ಮೂರೋ ನಾಲ್ಕೋ ಹಾಕ್ತೀವಿ. ಎಲ್ಲಾ ಬರಲ್ಲ ಅಂತ ಗೊತ್ತಿದ್ದೇ ಹಾಕ್ತೀವಿ" ಎಂದರು. ಹುಡುಗ ಅಳು ನಿಲ್ಲಿಸಿ ಕೊಳೆತ ಬೀಜವನ್ನು ಕಡ್ಡಿಯಿಂದ ಕೆದಕಿ ನೋಡಿದ.

ನಮ್ಮ ವಿಮರ್ಶೆ ಶುರುವಾದದ್ದು ಇಲ್ಲಿಂದ. 'ದಿ ಕ್ಯಾರೆಟ್ ಸೀಡ್' ಮಕ್ಕಳಿಗೆ ಸುಳ್ಳು ಹೇಳುತ್ತದೆಯೆ? ಈ ಬಗ್ಗೆ ನಮ್ಮೊಳಗೇ ಜಗಳವಾಯಿತು. ಹೌದು ಎಂದವರ ವಾದ ಹೀಗೆ: ಒಂದೇ ಬೀಜ ನೆಟ್ಟು ಬೆಟ್ಟದಂಥ ಕ್ಯಾರೆಟ್ ತೆಗೆದದ್ದನ್ನು ತೋರಿಸಿದ ಮೇಲೆ, ಬೀಜ ಹುಟ್ಟದಿದ್ದ ಮಗು ತನ್ನನ್ನೇ ದೂರಿಕೊಳ್ಳುವುದು ಸಹಜ. ಅಲ್ಲ ಎಂದವರು ಹೇಳಿದ್ದು: ಆ ಹುಡುಗ ಬರೀ ನಂಬಿಕೊಂಡು ಕೂರಲಿಲ್ಲ, ದಿನವೂ ಕೆಲಸ ಮಾಡಿದ. ನಂಬಿಕೆಗಿಂತ ಅವನ ದಿನದ ದುಡಿಮೆಯೇ ಕಥೆಯ ತಿರುಳು. ಪುಸ್ತಕವನ್ನು ಮತ್ತೆ ತಂದು ಓದಿದ ಮೇಲೆ ನಮಗೆ ಎರಡನೆಯ ಮಾತೇ ಸರಿ ಎನಿಸಿತು. ಇದು ಬೇಸಾಯದ ಪುಸ್ತಕವಲ್ಲ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನಾಗಿರುವುದು ಹೇಗಿರುತ್ತದೆ ಎನ್ನುವ ಪುಸ್ತಕ. ತಪ್ಪು ಕಥೆಯಲ್ಲಿರಲಿಲ್ಲ, ಕಥೆಯ ಬೆನ್ನಿಗೇ ತೂತಿಲ್ಲದ ಲೋಟದಲ್ಲಿ ಒಂದೇ ಬೀಜ ಕೊಟ್ಟು ಕಳಿಸಿದ್ದರಲ್ಲಿತ್ತು. ಕಥೆಯನ್ನು ಪರೀಕ್ಷೆ ಮಾಡಿಸಿದೆವು, ಪರೀಕ್ಷೆಯಲ್ಲಿ ಮಗು ಫೇಲಾಯಿತು.

ಹಾಗಾದರೆ ಆ ಕಥೆಯ ಜೊತೆಗೆ ಯಾವ ಕಥೆ ಓದಬೇಕು? ನಮ್ಮ ಉತ್ತರ, ಎರಿಕ್ ಕಾರ್ಲ್ ಅವರ 'ದಿ ಟೈನಿ ಸೀಡ್' (1970). ಶರತ್ಕಾಲದ ಗಾಳಿಗೆ ಬೀಜಗಳು ಹಾರುತ್ತವೆ. ಒಂದು ತೀರ ಮೇಲಕ್ಕೆ ಹೋಗಿ ಸೂರ್ಯನ ತಾಪಕ್ಕೆ ಸುಡುತ್ತದೆ. ಒಂದು ಹಿಮದ ಬೆಟ್ಟದ ಮೇಲೆ ಬೀಳುತ್ತದೆ, ಒಂದು ಸಮುದ್ರಕ್ಕೆ, ಒಂದು ಮರಳುಗಾಡಿಗೆ. ಒಂದನ್ನು ಹಕ್ಕಿ ತಿನ್ನುತ್ತದೆ, ಒಂದನ್ನು ಇಲಿ. ಮೊಳೆತ ಮೇಲೂ ಕಷ್ಟ ತಪ್ಪಿದ್ದಲ್ಲ: ಒಂದು ಗಿಡ ಕಳೆಯ ನೆರಳಿಗೆ ಸಿಕ್ಕಿ ಸಾಯುತ್ತದೆ, ಒಂದು ಮಗುವಿನ ಕಾಲ್ತುಳಿತಕ್ಕೆ ಸಿಗುತ್ತದೆ. ಎಲ್ಲಕ್ಕಿಂತ ಚಿಕ್ಕ ಬೀಜವೊಂದು ಉಳಿದು ಹೂವಾಗುತ್ತದೆ. ಲೈಬ್ರರಿಯಲ್ಲಿ ಇದನ್ನು ಓದಿದಾಗ ಒಂದೊಂದು ಬೀಜ ಹೋದಾಗಲೂ ಮಕ್ಕಳು "ಅಯ್ಯೋ" ಎಂದು ಉಸಿರು ಬಿಡುತ್ತಿದ್ದರು, ಆದರೆ ಯಾರೂ ಹೆದರಲಿಲ್ಲ. ಬೀಜ ಕಳೆದುಹೋಗುವುದು ಯಾರ ತಪ್ಪೂ ಅಲ್ಲ, ಅದು ಬೀಜಗಳ ಬದುಕು ಎಂದು ಈ ಪುಸ್ತಕ ಗೋಳಾಡದೆ ಹೇಳುತ್ತದೆ. ಅಜ್ಜಿ ಹೇಳಿದ "ಎಲ್ಲಾ ಬರಲ್ಲ ಅಂತ ಗೊತ್ತಿದ್ದೇ ಹಾಕ್ತೀವಿ" ಎನ್ನುವುದೂ ಇದೇ ಮಾತು. ನಮ್ಮ ತಕರಾರು ಒಂದೇ. ಉಳಿದ ಬೀಜ ಮನೆಗಿಂತ ಎತ್ತರದ ಹೂವೇ ಆಗಬೇಕಿತ್ತೆ? ಸಾಮಾನ್ಯ ಹೂವಾಗಿದ್ದರೆ ಸಾಲುತ್ತಿರಲಿಲ್ಲವೆ? ಈ ದೇಶದ ಮಕ್ಕಳ ಪುಸ್ತಕಗಳಲ್ಲಿ ತಾಳ್ಮೆಗೆ ಬಹುಮಾನವಾಗಿ ಯಾವಾಗಲೂ ಭಾರೀ ಗಾತ್ರದ್ದೇ ಸಿಗುತ್ತದೆ. ನಮ್ಮ ಹಿತ್ತಲಿನಲ್ಲಿ ಎರಡು ಹಿಡಿ ದಂಟಿನ ಸೊಪ್ಪು ಸಿಕ್ಕರೂ ಅದು ಬೆಳೆಯೇ.

ಮೂರನೆಯದು ಆರ್ನಲ್ಡ್ ಲೋಬೆಲ್ ಅವರ 'ಫ್ರಾಗ್ ಅಂಡ್ ಟೋಡ್ ಟುಗೆದರ್' (1972) ಪುಸ್ತಕದಲ್ಲಿರುವ 'ದಿ ಗಾರ್ಡನ್' ಎಂಬ ಸಣ್ಣ ಕಥೆ. ಗೆಳೆಯ ಕಪ್ಪೆಯ ತೋಟ ನೋಡಿ ಆಸೆಪಟ್ಟ ನೆಲಗಪ್ಪೆ ಬೀಜ ಬಿತ್ತುತ್ತದೆ. ಅವು ಒಡನೆ ಮೊಳೆಯಲಿಲ್ಲವೆಂದು ಅವುಗಳ ಮೇಲೆ ಕಿರುಚುತ್ತದೆ. ಕಿರುಚಿದರೆ ಬೀಜಗಳಿಗೆ ಹೆದರಿಕೆಯಾಗುತ್ತದೆ, ಬಿಸಿಲಿಗೂ ಮಳೆಗೂ ಬಿಟ್ಟುಬಿಡು ಎನ್ನುತ್ತದೆ ಕಪ್ಪೆ. ಆದರೆ ನೆಲಗಪ್ಪೆಗೆ ಸುಮ್ಮನಿರಲಾಗುವುದಿಲ್ಲ. ಬೀಜಗಳಿಗೆ ಕತ್ತಲೆಯ ಭಯವೆಂದು ಮೇಣದ ಬತ್ತಿ ಹಚ್ಚಿ ಕಥೆ ಓದುತ್ತದೆ, ಹಾಡು ಹೇಳುತ್ತದೆ, ಪದ್ಯ ಓದುತ್ತದೆ, ಪಿಟೀಲು ನುಡಿಸುತ್ತದೆ, ಸುಸ್ತಾಗಿ ಅಲ್ಲೇ ಮಲಗಿಬಿಡುತ್ತದೆ. ಎದ್ದು ನೋಡಿದರೆ ಮೊಳಕೆ! ತನ್ನ ದುಡಿಮೆಯಿಂದಲೇ ಬಂತೆಂದು ಅದರ ನಂಬಿಕೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನಕ್ಕ ಮಕ್ಕಳಿಗಿಂತ ಹಿಂದೆ ಕೂತ ನಮಗೆ ಈ ಕಥೆ ಹೆಚ್ಚು ನಾಟಿತು. ಮಕ್ಕಳ ತಲೆಯ ಮೇಲೆ ನಿಂತು "ಓದು, ಹಾಡು, ಸ್ಪೆಲ್ಲಿಂಗ್ ಹೇಳು, ಪಿಯಾನೊ ನುಡಿಸು" ಎನ್ನುತ್ತಿರುವವರು ನಾವೇ ಅಲ್ಲವೆ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಆಗಾಗ ಹೇಳುತ್ತೇವೆ. ಮೊಳಕೆಯನ್ನೇ ಬಗ್ಗಿಸಲು ಹೋಗಬಾರದು ಎಂದು ಯಾರೂ ಗಾದೆ ಮಾಡಿಲ್ಲ, ಈ ಕಥೆ ಆ ಕೆಲಸ ಮಾಡುತ್ತದೆ. ತೋಟದ ಕಥೆಗಳಲ್ಲಿ ಒಂದನ್ನೇ ಆರಿಸಿ ಎಂದರೆ ನಮ್ಮ ಮತ ಇದಕ್ಕೆ.

ನಾಲ್ಕನೆಯ ಪುಸ್ತಕವನ್ನು ಲೈಬ್ರರಿಯವರು ಓದಲಿಲ್ಲ, ಕಪಾಟಿನಲ್ಲಿ ನಮ್ಮ ಕಣ್ಣಿಗೆ ಬಿತ್ತು: ಗ್ರೇಸ್ ಲಿನ್ ಅವರ 'ದಿ ಅಗ್ಲಿ ವೆಜಿಟೆಬಲ್ಸ್' (1999). ಲೇಖಕಿ ತೈವಾನಿನಿಂದ ಬಂದ ತಂದೆತಾಯಿಯ ಮಗಳು, ಅಮೆರಿಕದಲ್ಲೇ ಹುಟ್ಟಿದವರು. ಕಥೆಯ ಹುಡುಗಿಗೆ ಅಸಮಾಧಾನ. ಅಕ್ಕಪಕ್ಕದವರ ಅಂಗಳದಲ್ಲೆಲ್ಲ ಬಣ್ಣದ ಹೂವು, ತನ್ನ ಅಮ್ಮ ಮಾತ್ರ ಗಂಟುಗಂಟಾದ ಚೀನೀ ತರಕಾರಿ ಬೆಳೆಯುತ್ತಾಳೆ. ಆ ತರಕಾರಿಗಳಲ್ಲಿ ನಮ್ಮ ಹಾಗಲಕಾಯಿಯೂ ಉಂಟು! ಕೊನೆಗೆ ಅಮ್ಮ ಮಾಡಿದ ಸೂಪಿನ ಪರಿಮಳ ಬೀದಿಗೆಲ್ಲ ಹರಡಿ ನೆರೆಯವರು ಹೂವಿನ ಗೊಂಚಲು ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ. ಮರುವರ್ಷ ಇವರ ಅಂಗಳದಲ್ಲಿ ಹೂವು, ಅವರ ಅಂಗಳದಲ್ಲಿ ತರಕಾರಿ.

ಈ ಕಥೆಯನ್ನು ಮನೆಯಲ್ಲಿ ಓದಿದಾಗ ಆರು ವರ್ಷದ ಹುಡುಗಿಯೊಬ್ಬಳು ಪುಟ ತಿರುಗಿಸಲು ಬಿಡದೆ ಹಾಗಲಕಾಯಿಯ ಚಿತ್ರದ ಮೇಲೆ ಬೆರಳಿಟ್ಟಳು. ಶಾಲೆಯ ಊಟದ ಡಬ್ಬಿಯಲ್ಲಿ ಗೊಜ್ಜು ಹಾಕಿದರೆ ಮುಚ್ಚಳ ತೆಗೆಯದೆ ವಾಪಸು ತರುತ್ತಿದ್ದವಳು ಅವಳು. "ಇವರ ಮನೇಲೂ ಇದೆಯಾ ಅಮ್ಮ?" ಎಂದಳು. ಅಷ್ಟೇ. ಮರುದಿನವೂ ಡಬ್ಬಿಯ ಗೊಜ್ಜು ವಾಪಸು ಬಂತು. ಪುಸ್ತಕ ಪವಾಡ ಮಾಡುವುದಿಲ್ಲ. ಆದರೆ ತನ್ನ ಮನೆಯ ಒಂದು ವಸ್ತುವನ್ನು ಅವಳು ಮೊದಲ ಸಲ ಲೈಬ್ರರಿಯ ಪುಸ್ತಕದಲ್ಲಿ ಕಂಡಳು. ಇಲ್ಲಿ ನಮ್ಮದೊಂದು ಆಕ್ಷೇಪ ಇಲ್ಲದಿಲ್ಲ. ಒಂದು ಬಟ್ಟಲು ಸೂಪಿಗೆ ಇಡೀ ಬೀದಿ ಒಲಿದುಬಿಡುವುದು ಸ್ವಲ್ಪ ಸಲೀಸಾಯಿತು. ನೆರೆಯವರು ಮೆಚ್ಚಿದ ಮೇಲೆಯೇ ಮಗಳಿಗೆ ಅಮ್ಮನ ತರಕಾರಿ ಚಂದ ಕಾಣಬೇಕೆ? ಯಾರೂ ಬಾಗಿಲು ತಟ್ಟದಿದ್ದರೆ? ಹಿತ್ತಲ ಗಿಡ ಮದ್ದಲ್ಲ ಎನ್ನುವ ರೋಗಕ್ಕೆ ನೆರೆಯವರ ಮೆಚ್ಚುಗೆ ಪೂರ್ತಿ ಔಷಧವಲ್ಲ. ಆದರೂ ನಮ್ಮ ಮಕ್ಕಳ ಮುಜುಗರವನ್ನು ಬಚ್ಚಿಡದೆ ಹೇಳಿದ ಪುಸ್ತಕ ಇದು.

ಏಳೆಂಟು ವರ್ಷದವರಿಗೆ ಇನ್ನೊಂದು ಹೆಸರು: ಸಾರಾ ಸ್ಟೂವರ್ಟ್ ಬರೆದು ಡೇವಿಡ್ ಸ್ಮಾಲ್ ಚಿತ್ರಿಸಿದ 'ದಿ ಗಾರ್ಡನರ್' (1997). 1935ರ ಆರ್ಥಿಕ ಕುಸಿತದ ಕಾಲ. ಹಳ್ಳಿಯ ಹುಡುಗಿ ಲಿಡಿಯಾ ಗ್ರೇಸ್ ಪಟ್ಟಣದಲ್ಲಿ ಬೇಕರಿ ನಡೆಸುವ, ಎಂದೂ ನಗದ ಮಾವನ ಮನೆಗೆ ಹೋಗಬೇಕಾಗುತ್ತದೆ. ಇಡೀ ಕಥೆ ಅವಳು ಬರೆದ ಕಾಗದಗಳಲ್ಲೇ ಸಾಗುತ್ತದೆ. ಅವಳು ಮಹಡಿಯ ಮೇಲೆ ಗುಟ್ಟಾಗಿ ಹೂದೋಟ ಮಾಡುತ್ತಾಳೆ. ಕೊನೆಯವರೆಗೂ ಮಾವ ನಗುವುದಿಲ್ಲ, ಹೂಗಳಿಂದ ಅಲಂಕರಿಸಿದ ಕೇಕು ತಂದಿಡುತ್ತಾನೆ, ಅಷ್ಟೆ. ನಗಿಸಿಬಿಡದ ಈ ಸಂಯಮ ನಮಗೆ ಬಹಳ ಹಿಡಿಸಿತು. ಊರಿನಲ್ಲಿರುವ ಅಜ್ಜಿಗೆ ಕಾಗದ ಬರೆಯುವ ಅಭ್ಯಾಸವೇ ಹೋಗಿರುವ ನಮ್ಮ ಮನೆಗಳಲ್ಲಿ ಇದನ್ನು ಓದಿದ ಮೇಲೆ ಒಂದು ಕಾಗದವಾದರೂ ಹೊರಟರೆ ಸಾರ್ಥಕ.

ಇನ್ನು ಓದುವ ರೀತಿಯ ಬಗ್ಗೆ. ಲೈಬ್ರರಿಯ ಅಮ್ಮ ಓದುತ್ತ ಓದುತ್ತ ನಿಲ್ಲಿಸಿ, "ಮುಂದೇನಾಗಬಹುದು?" ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ಅಮೆರಿಕದ ಗ್ರಂಥಾಲಯ ಸಂಘದವರು 2004ರಲ್ಲಿ ಆರಂಭಿಸಿ 2011ರಲ್ಲಿ ಪರಿಷ್ಕರಿಸಿದ 'ಎವೆರಿ ಚೈಲ್ಡ್ ರೆಡಿ ಟು ರೀಡ್' ಕಾರ್ಯಕ್ರಮ ಮಾತು, ಹಾಡು, ಓದು, ಬರಹ, ಆಟ ಎಂಬ ಐದನ್ನು ಮುಂದಿಡುತ್ತದೆ. ಇದರಲ್ಲಿ ಮೊದಲನೆಯದು ಮಾತು ಎಂಬುದನ್ನು ಗಮನಿಸಿ. ಈ ಮಾತನ್ನು ಯಾವ ಭಾಷೆಯಲ್ಲಾದರೂ ಆಡಬಹುದು. ಆದರೆ ನಾವು ಏನು ಮಾಡುತ್ತೇವೆ? ಹಿಂದಿನ ಕುರ್ಚಿಯಲ್ಲಿ ಕೂತು ಫೋನು ನೋಡುತ್ತೇವೆ, ಇಲ್ಲವೆ ನಮ್ಮ ಮಗು ಉತ್ತರಿಸುವ ಮೊದಲೇ ಪಿಸುಗುಟ್ಟಿ ಹೇಳಿಕೊಡುತ್ತೇವೆ. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಅದೇ ಕಥೆಯನ್ನು ಕನ್ನಡದಲ್ಲಿ ಹೇಳಿಸಿದ್ದರೆ 'ಮೊಳಕೆ', 'ಕಳೆ', 'ಪಾತಿ', 'ಗೊಬ್ಬರ' ಎಂಬ ನಾಲ್ಕು ಮಾತು ಮಕ್ಕಳ ಬಾಯಿಗೆ ಬರುತ್ತಿದ್ದವು. ಲೈಬ್ರರಿಯನ್ನು ವಿಮರ್ಶಿಸುವ ಮೊದಲು ನಾವು ಹಿಂದಿನ ಕುರ್ಚಿಗಳನ್ನು ವಿಮರ್ಶಿಸಿಕೊಳ್ಳಬೇಕು.

ಈ ಮಾತನ್ನೆಲ್ಲ ಲೈಬ್ರರಿಯ ಅಮ್ಮನ ಹತ್ತಿರ ಹೋಗಿ ಹೇಳಿದೆವು, ಕೊಳೆತ ಬೀಜದ ಕಥೆಯನ್ನೂ ಸೇರಿಸಿ. ಆಕೆ ಬೇಸರಪಟ್ಟುಕೊಳ್ಳಲಿಲ್ಲ. "ಮುಂದಿನ ತಿಂಗಳು ಆ ಅಜ್ಜಿಯೇ ಹೇಳಲಿ" ಎಂದುಬಿಟ್ಟರು! ಅಜ್ಜಿ ಒಪ್ಪಲು ಎರಡು ವಾರ ಹಿಡಿಯಿತು. "ನಂಗೆ ಕಥೆ ಬರಲ್ಲ ಕಣವ್ವ, ಬಿತ್ತೋದು ಬರುತ್ತೆ" ಎಂಬುದೊಂದೇ ಅವರ ಮಾತು. ಸರಿ, ಅದನ್ನೇ ಹೇಳಿ ಎಂದೆವು. ಅಜ್ಜಿ ಕನ್ನಡದಲ್ಲಿ ಹೇಳುವುದು, ಮೊಮ್ಮಗ ಇಂಗ್ಲಿಷಿಗೆ ಮಾಡುವುದು ಎಂದಾಯಿತು.

ಅವರು ಹೇಳಿದ್ದು ಅವರೆಕಾಯಿಯ ಕಥೆ. ಅವರೆಬಳ್ಳಿಗೆ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವ ಮನಸ್ಸಿಲ್ಲ, ಚಳಿ ಬಂದು ಇಬ್ಬನಿ ಬಿದ್ದರೇ ಅದಕ್ಕೆ ಸೊಗಡು ಎಂದರು. ಹೋದ ವರ್ಷ ನಮ್ಮಲ್ಲೊಬ್ಬರ ಹಿತ್ತಲಲ್ಲಿ ಅವರೆಬಳ್ಳಿ ಬೇಲಿ ಹತ್ತಿ ಬೆಳೆದು, ಹೂ ಬಿಟ್ಟು, ಕಾಯಿ ಬಲಿಯುವ ಮೊದಲೇ ಅಕ್ಟೋಬರಿನ ಹಿಮಕ್ಕೆ ಸುಟ್ಟುಹೋದದ್ದು ನಮಗೆ ಆಗ ಅರ್ಥವಾಯಿತು. ಮಣ್ಣಿನ ಡಬ್ಬಿಯೊಂದನ್ನು ಮಕ್ಕಳ ಮುಂದಿಟ್ಟು, ಒಂದು ಹಿಡಿ ತೆಗೆದು ಅಮುಕಿ, ಉಂಡೆಯನ್ನು ಬೆರಳಿನಿಂದ ಒತ್ತಿ ಪುಡಿ ಮಾಡಿ, "ಹಿಂಗಿದ್ದರೆ ಹದ" ಎಂದರು. ಹುಡುಗ ಅಲ್ಲಿಗೆ ನಿಂತುಬಿಟ್ಟ. 'ಹದ' ಎನ್ನುವುದಕ್ಕೆ ಅವನಿಗೆ ಇಂಗ್ಲಿಷ್ ಸಿಗಲಿಲ್ಲ. ನಮ್ಮ ಮುಖ ನೋಡಿದ. ನಮಗೂ ಸಿಗಲಿಲ್ಲ. ಕೊನೆಗೆ ಅವನು "ಹದ" ಎಂದೇ ಹೇಳಿ, ತಾನೂ ಒಂದು ಹಿಡಿ ಮಣ್ಣು ತೆಗೆದು ಅಮುಕಿ ತೋರಿಸಿದ. ಇಪ್ಪತ್ತು ಮಕ್ಕಳು ಸಾಲಾಗಿ ಬಂದು ಮಣ್ಣು ಅಮುಕಿ "ಹದ, ಹದ" ಎಂದರು. ಅಂದು ಆ ಕಂಬಳಿ ಒರೆಸಲು ಲೈಬ್ರರಿಯವರಿಗೆ ಎಷ್ಟು ಹೊತ್ತು ಹಿಡಿಯಿತೋ!

ಇದನ್ನು ಬರೆಯುವಾಗ ನಮಗೆ ಸಂಕೋಚವೂ ಇದೆ. ಇದು ನಮ್ಮ ಸಂಸ್ಕೃತಿಯ ಜಯಭೇರಿ ಅಲ್ಲ. ಮುಂದಿನ ವಾರ ಮಕ್ಕಳು ಡೈನೊಸಾರ್ ಕಥೆಗೆ ಹೋದರು, ಅಜ್ಜಿ ಊರಿಗೆ ಹೊರಟರು. ಆದರೆ ಆರು ತಿಂಗಳು ಹಿಂದಿನ ಕುರ್ಚಿಯಲ್ಲಿ ಮೂಕರಂತೆ ಕೂತಿದ್ದವರಿಗೆ ಹೇಳಲು ಏನೋ ಇತ್ತು, ನಾವು ಕೇಳಿರಲಿಲ್ಲ. ಒಂದು ಬೀಜ ಕೊಳೆಯದಿದ್ದರೆ ಕೇಳುತ್ತಲೂ ಇರಲಿಲ್ಲ.

ಮುಂದಿನ ವಸಂತಕ್ಕೆ ನಮ್ಮ ಕೆಲವು ಸಲಹೆಗಳು. ಲೋಟಕ್ಕೆ ತಳದಲ್ಲಿ ತೂತು ಮಾಡಿ, ಮೂರು ಬೀಜ ಹಾಕಿ. ತಾಳ್ಮೆ ಕಡಿಮೆ ಇರುವ ಚಿಕ್ಕವರಿಗೆ ಅಡುಗೆಮನೆಯ ಮೆಂತ್ಯವೇ ಸಾಕು, ರಾತ್ರಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಎರಡು ಮೂರು ದಿನದಲ್ಲಿ ಬಾಲ ಬಿಡುತ್ತದೆ. ಕ್ಯಾರೆಟ್ ಮೊಳೆಯಲು ಎರಡು ಮೂರು ವಾರ ಬೇಕೆಂದು ಮೊದಲೇ ಹೇಳಿಬಿಡಿ. ಹಸಿ ಬೀನ್ಸ್ ಕಾಳು ತಿನ್ನುವಂಥದ್ದಲ್ಲ, ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಊರಿನಿಂದ ಬಿತ್ತನೆ ಬೀಜವನ್ನು ಸೂಟ್‌ಕೇಸಿನಲ್ಲಿ ತರಬೇಡಿ, ಅದಕ್ಕೆ ಸರಕಾರದ ಸಸ್ಯ ಆರೋಗ್ಯ ಪತ್ರ ಬೇಕು. ಕನ್ನಡದ ಪುಸ್ತಕ ಎಲ್ಲಿ ಎನ್ನುವವರಿಗೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಓದಲು ಸಿಗುತ್ತವೆ. ನಿಮ್ಮ ಮನೆಗೆ ಊರಿನಿಂದ ಯಾರಾದರೂ ಹಿರಿಯರು ಬಂದಿದ್ದರೆ ಸಂಘದ ಮುಂದಿನ ಪಾಟ್‌ಲಕ್‌ನಲ್ಲಿ ನಮಗೆ ತಿಳಿಸಿ. ಲೈಬ್ರರಿಯ ಅಮ್ಮ ಇನ್ನೊಂದು ಶನಿವಾರ ಕೊಡಲು ತಯಾರಿದ್ದಾರೆ.

ಬೀಜ ಮೊಳೆಯದಿದ್ದ ಆ ಹುಡುಗ ಮತ್ತೆ ಬಿತ್ತಿದ. ಈ ಸಲ ನಾಲ್ಕು. ಎರಡು ಬಂದವು, ಒಂದನ್ನು ಮೊಲ ತಿಂದಿತು. "ಒಂದಿದೆ" ಎಂದು ಮೊನ್ನೆ ಫೋನಿನಲ್ಲಿ ಅಜ್ಜಿಗೆ ವರದಿ ಒಪ್ಪಿಸಿದ, ಕನ್ನಡದಲ್ಲಿ.